ನಮ್ಮ ನೆರೆಯ ಕಾದಂಬರಿಗಾರ್ತಿ: ಲೂಸಿ ಮಾಡ್ ಮಾಂಟ್‌ಗೊಮರಿ

ಹೊರನಾಡಿನಲ್ಲಿ ನೆಲೆಸಿದ ನಮಗೆ ವಾರಾಂತ್ಯವೆಂದರೆ ವಾರವಿಡೀ ಮುಂದೂಡಿದ ಕೆಲಸಗಳ ರಾಶಿ. ಬಟ್ಟೆ ಒಗೆಯಬೇಕು, ಜೆರಾರ್ಡ್ ಸ್ಟ್ರೀಟಿನಿಂದಲೋ ಮಿಸ್ಸಿಸಾಗಾದ ಅಂಗಡಿಯಿಂದಲೋ ಅಕ್ಕಿ ಬೇಳೆ ತರಬೇಕು, ಮಕ್ಕಳನ್ನು ಈಜಿಗೂ ಕನ್ನಡ ತರಗತಿಗೂ ಕರೆದೊಯ್ಯಬೇಕು, ರಿಚ್ಮಂಡ್ ಹಿಲ್ ದೇವಸ್ಥಾನಕ್ಕೆ ಹೋಗಿ ಬರಬೇಕು, ಚಳಿಗಾಲವಾದರೆ ಮನೆಯ ಮುಂದಿನ ಹಿಮ ಎತ್ತಬೇಕು. ಇದರ ನಡುವೆ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ಮಗಳೋ ಮಗನೋ ತಾನೊಂದು ಕಾದಂಬರಿ ಬರೆಯುತ್ತಿದ್ದೇನೆಂದು ಹೇಳಿದರೆ ನಮ್ಮ ಬಾಯಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ. ಮೊದಲು ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ. ಬರೆಯುವ ಆಸೆಯಿದ್ದ ನಮ್ಮಲ್ಲಿ ಹಲವರು ತಮಗೆ ತಾವೇ ಹೇಳಿಕೊಂಡದ್ದೂ ಇದನ್ನೇ. ಕೆಲಸ ಖಾಯಂ ಆಗಲಿ, ಮನೆಯ ಸಾಲ ತೀರಲಿ, ಮಕ್ಕಳು ದೊಡ್ಡವರಾಗಲಿ ಎನ್ನುತ್ತಲೇ ವರ್ಷಗಳು ಉರುಳಿದವು.

ಆ 'ಆಮೇಲೆ'ಗಾಗಿ ಕಾಯದೆ, ಓದು, ನೌಕರಿ, ಮುದುಕಿಯ ಶುಶ್ರೂಷೆ, ಅಡುಗೆಮನೆ, ಮಕ್ಕಳು, ಗಂಡನ ಕಾಯಿಲೆ ಇವೆಲ್ಲದರ ನಡುವೆಯೇ 20 ಕಾದಂಬರಿಗಳನ್ನು ಬರೆದ ಒಬ್ಬ ಹೆಣ್ಣುಮಗಳು ನಮಗೆ ಬಹಳ ಹತ್ತಿರದಲ್ಲೇ ಬಾಳಿ ಹೋಗಿದ್ದಾರೆ. ನಮ್ಮ ಮಕ್ಕಳು ಶಾಲೆಯ ಗ್ರಂಥಾಲಯದಿಂದ ತಂದು ಓದುವ 'ಆನ್ ಆಫ್ ಗ್ರೀನ್ ಗೇಬಲ್ಸ್' ಪುಸ್ತಕದ ಲೇಖಕಿ ಲೂಸಿ ಮಾಡ್ ಮಾಂಟ್‌ಗೊಮರಿ ಅವರೇ ಆಕೆ. ಅವರೆಂದರೆ ಎಲ್ಲರಿಗೂ ನೆನಪಾಗುವುದು ದೂರದ ಪ್ರಿನ್ಸ್ ಎಡ್ವರ್ಡ್ ಐಲೆಂಡ್. ಆದರೆ ಅವರು ತಮ್ಮ ಬಾಳಿನ ಕೊನೆಯ 31 ವರ್ಷಗಳನ್ನು ಕಳೆದದ್ದು ನಮ್ಮ ಟೊರಾಂಟೊ ಸುತ್ತಮುತ್ತ: ಅಕ್ಸ್‌ಬ್ರಿಜ್ ಬಳಿಯ ಲೀಸ್ಕ್‌ಡೇಲಿನಲ್ಲಿ, ಬ್ರಾಂಪ್ಟನ್ ಪಕ್ಕದ ನಾರ್ವಲಿನಲ್ಲಿ, ಕಡೆಗೆ ಹಂಬರ್ ನದಿಯ ಬಳಿಯ ರಿವರ್‌ಸೈಡ್ ಡ್ರೈವ್‌ನಲ್ಲಿ. ಸಂಘದ ವಾರ್ಷಿಕೋತ್ಸವದ ಈ ಸಂಚಿಕೆಯಲ್ಲಿ ಈ ನೆರೆಯಾಕೆಯ ಬದುಕನ್ನು ನಮ್ಮ ಕುಟುಂಬಗಳಿಗೆ ಪರಿಚಯಿಸುವುದು ಸೂಕ್ತವೆಂದು ನಮಗೆ ತೋರಿತು.

ಮಾಂಟ್‌ಗೊಮರಿ ಹುಟ್ಟಿದ್ದು 1874ರ ನವೆಂಬರ್ 30ರಂದು, ಪ್ರಿನ್ಸ್ ಎಡ್ವರ್ಡ್ ಐಲೆಂಡಿನ ಕ್ಲಿಫ್ಟನ್ ಎಂಬ ಹಳ್ಳಿಯಲ್ಲಿ. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ತಾಯಿ ಕ್ಷಯರೋಗದಿಂದ ತೀರಿಕೊಂಡರು. ತಂದೆ ಮಗುವನ್ನು ಅಜ್ಜಿ ತಾತನ ಕೈಗೊಪ್ಪಿಸಿ ಮುಂದೆ ಪಶ್ಚಿಮದ ಪ್ರಿನ್ಸ್ ಆಲ್ಬರ್ಟ್‌ಗೆ ಹೋಗಿ ನೆಲೆಸಿದರು. ಕ್ಯಾವೆಂಡಿಷ್ ಹಳ್ಳಿಯಲ್ಲಿ, ತಾಯಿಯ ತವರುಮನೆಯಲ್ಲಿ ಮಗು ಬೆಳೆಯಿತು. ಶಿಸ್ತಿನ ಮನೆ, ವಯಸ್ಸಾದ ಹಿರಿಯರು, ಊಟ ಬಟ್ಟೆಗೆ ಕೊರತೆಯಿಲ್ಲ, ಅಕ್ಕರೆ ಮಾತ್ರ ಕಡಿಮೆ. ಒಂಟಿ ಮಗುವಿಗೆ ಪುಸ್ತಕಗಳೂ ಮರಗಳೂ ಸಂಗಾತಿಗಳಾದವು.

1890ರಲ್ಲಿ, ಇನ್ನೂ ಹದಿನಾರು ತುಂಬದ ಹುಡುಗಿ, ದೇಶದ ಉದ್ದಗಲ ದಾಟಿ ರೈಲಿನಲ್ಲಿ ತಂದೆಯ ಬಳಿಗೆ ಹೋದಳು. ಅಲ್ಲಿ ಮಲತಾಯಿ. ಹುಡುಗಿಯನ್ನು ಎಷ್ಟೋ ದಿನ ಶಾಲೆ ಬಿಡಿಸಿ ಕೂಸು ನೋಡಿಕೊಳ್ಳುವ, ಮನೆಗೆಲಸ ಮಾಡುವ ಕೆಲಸಕ್ಕೆ ಹಚ್ಚಿದರು. ಆದರೂ ಅದೇ ವರ್ಷದ ನವೆಂಬರಿನಲ್ಲಿ ಆಕೆಯ ಮೊದಲ ಕವನ ತವರಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅಚ್ಚಿನಲ್ಲಿ ತನ್ನ ಹೆಸರು ಕಂಡದ್ದು ಮನೆಗೆಲಸ ಹೆಚ್ಚಾಗಿದ್ದ ಅದೇ ದಿನಗಳಲ್ಲಿ ಎಂಬುದನ್ನು ನಾವು ಗಮನಿಸಬೇಕು. ಮರುವರ್ಷ ಆಕೆ ಕ್ಯಾವೆಂಡಿಷ್‌ಗೆ ಹಿಂತಿರುಗಿದಳು.

ಹೆಣ್ಣುಮಕ್ಕಳ ಉನ್ನತ ವಿದ್ಯಾಭ್ಯಾಸ ಆ ಕಾಲಕ್ಕೆ ಅಪರೂಪ. ತಾತನಿಗಂತೂ ಅದು ಬೇಕಿರಲಿಲ್ಲ. ಚಾರ್ಲಟ್‌ಟೌನಿನ ಪ್ರಿನ್ಸ್ ಆಫ್ ವೇಲ್ಸ್ ಕಾಲೇಜಿನಲ್ಲಿ ಎರಡು ವರ್ಷದ ಶಿಕ್ಷಕ ತರಬೇತಿಯನ್ನು ಮಾಂಟ್‌ಗೊಮರಿ 1893-94ರ ಒಂದೇ ವರ್ಷದಲ್ಲಿ ಮುಗಿಸಿದರು. ಒಂದು ವರ್ಷ ಹಳ್ಳಿಯ ಶಾಲೆಯಲ್ಲಿ ಪಾಠ ಹೇಳಿ ಕೂಡಿಟ್ಟ ಹಣಕ್ಕೆ ಅಜ್ಜಿ ತಮ್ಮ ಪಾಲನ್ನೂ ಸೇರಿಸಿದಾಗ, 1895ರಲ್ಲಿ ಹ್ಯಾಲಿಫ್ಯಾಕ್ಸಿನ ಡಾಲ್‌ಹೌಸಿ ವಿಶ್ವವಿದ್ಯಾಲಯಕ್ಕೆ ಸೇರಿದರು. ಹಣವಿದ್ದದ್ದು ಒಂದು ವರ್ಷಕ್ಕೆ ಮಾತ್ರ. ತರಗತಿ, ಪರೀಕ್ಷೆ, ವಿದ್ಯಾರ್ಥಿನಿಲಯದ ಕಟ್ಟುಪಾಡುಗಳ ನಡುವೆಯೇ ಕಥೆ, ಕವನ ಬರೆದು ಪತ್ರಿಕೆಗಳಿಗೆ ಕಳುಹಿಸಿದರು. 1896ರ ಫೆಬ್ರವರಿಯಲ್ಲಿ ಸಂಭಾವನೆಗಳು ಒಂದರ ಬೆನ್ನಿಗೊಂದು ಬಂದವು. ಹೆಚ್ಚು ತಾಳ್ಮೆ ಗಂಡಸಿಗೋ ಹೆಂಗಸಿಗೋ ಎಂಬ ವಿಷಯದ ಮೇಲೆ ಅಲ್ಲಿನ ಪತ್ರಿಕೆ ನಡೆಸಿದ ಸ್ಪರ್ಧೆಯಲ್ಲಿ 5 ಡಾಲರ್, ಒಂದು ಕಥೆಗೆ 5 ಡಾಲರ್, ಒಂದು ಕವನಕ್ಕೆ 12 ಡಾಲರ್. ಕೈಗೆ ಬಂದ ಹಣದಲ್ಲಿ ಈ ಬಡ ವಿದ್ಯಾರ್ಥಿನಿ ಕೊಂಡದ್ದು ಕವಿಗಳ ಸಂಪುಟಗಳನ್ನು. ಗಳಿಸಿದ್ದು ಕಣ್ಣ ಮುಂದೆ ಉಳಿಯಬೇಕೆಂಬುದು ಅವರ ಆಸೆ.

ವರ್ಷ ಕಳೆಯಿತು, ಹಣ ಮುಗಿಯಿತು, ಪದವಿ ಸಿಗಲಿಲ್ಲ. ಮತ್ತೆ ಶಾಲೆಯ ಕೆಲಸ. ಬೆಲ್ಮಾಂಟ್ ಎಂಬಲ್ಲಿ ರೈತರೊಬ್ಬರ ಮನೆಯಲ್ಲಿ ಬಾಡಿಗೆ ಕೋಣೆ. ದಿನವಿಡೀ ಮಕ್ಕಳೊಡನೆ ಗಂಟಲು ಸೋತ ಮೇಲೆ ಸಂಜೆ ಬರೆಯಲು ಚೈತನ್ಯವಿರುತ್ತಿರಲಿಲ್ಲ. ಹಾಗಾಗಿ ಬೆಳಗಿನ ಆರು ಗಂಟೆಗೆ ಎದ್ದು ದೀಪ ಹೊತ್ತಿಸಿ ಬರೆಯತೊಡಗಿದರು. ಆ ಹೊತ್ತಿಗೆ ಮನೆಯಲ್ಲಿ ಒಲೆ ಹೊತ್ತಿರುತ್ತಿರಲಿಲ್ಲ. ದಪ್ಪ ಕೋಟು ಹಾಕಿಕೊಂಡು, ಪಾದಗಳು ಮರಗಟ್ಟದಂತೆ ಅವುಗಳ ಮೇಲೆಯೇ ಕುಳಿತು, ಸೆಟೆದ ಬೆರಳುಗಳಿಂದ ದಿನಕ್ಕೊಂದು ಗಂಟೆ ಬರೆಯುತ್ತಿದ್ದರು. ಕೆನಡಾದ ಜನವರಿ ಎಂದರೇನೆಂದು ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

1898ರಲ್ಲಿ ತಾತ ತೀರಿಕೊಂಡರು. ಅಜ್ಜಿ ಒಂಟಿಯಾದರು. ಮಾಂಟ್‌ಗೊಮರಿ ಕೆಲಸ ಬಿಟ್ಟು ಊರಿಗೆ ಮರಳಿ, ಮುಂದಿನ ಹದಿಮೂರು ವರ್ಷ ಅಜ್ಜಿಯನ್ನು ನೋಡಿಕೊಂಡರು. ನಡುವೆ ಒಂಬತ್ತು ತಿಂಗಳು ಮಾತ್ರ ಹ್ಯಾಲಿಫ್ಯಾಕ್ಸಿನ 'ಡೈಲಿ ಎಕೋ' ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ ಮಾಡಿದರು. ಬರೆಯಬೇಕಾದರೆ ಏಕಾಂತ ಬೇಕೇ ಬೇಕು ಎಂದು ಅದುವರೆಗೆ ಅವರೂ ನಂಬಿದ್ದರು. ಟೆಲಿಫೋನ್ ಬಡಿದುಕೊಳ್ಳುವ, ಅಚ್ಚಿನ ಹುಡುಗರು ಓಡಾಡುವ ಕಚೇರಿಯಲ್ಲಿ, ಕರಡುಗಳ ನಡುವಿನ ಬಿಡುವಿನಲ್ಲಿ ಕಥೆ ಬರೆಯಲು ಕಲಿತ ಮೇಲೆ ಆ ನಂಬಿಕೆ ಹೋಯಿತು. ಅವರ ಮುಂದಿನ ಜೀವನಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇರೊಂದಿರಲಿಲ್ಲ ಎಂದರೆ ತಪ್ಪಾಗಲಾರದು.

ಅಜ್ಜಿಯ ಮನೆಯಲ್ಲೇ ಊರಿನ ಅಂಚೆ ಕಚೇರಿಯೂ ಇತ್ತು. ಮೊಮ್ಮಗಳೇ ಅದನ್ನು ನೋಡಿಕೊಳ್ಳುತ್ತಿದ್ದರು. ಇದರಿಂದ ಒಂದು ಉಪಕಾರವಾಯಿತು: ಯಾವ ಕಥೆ ಎಲ್ಲಿಗೆ ಹೋಯಿತು, ಎಷ್ಟು ಬಾರಿ ಹಿಂದಿರುಗಿತು ಎಂಬುದು ಊರಿಗೆ ತಿಳಿಯುತ್ತಿರಲಿಲ್ಲ. ಹಿಂದಿರುಗಿದ್ದನ್ನು ಬೇರೆ ಲಕೋಟೆಗೆ ಹಾಕಿ ಇನ್ನೊಂದು ಪತ್ರಿಕೆಗೆ ಕಳುಹಿಸುತ್ತಿದ್ದರು.

1905ರ ವಸಂತದಲ್ಲಿ ಹಳೆಯ ಟಿಪ್ಪಣಿ ಪುಸ್ತಕದಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ವಯಸ್ಸಾದವರಿಬ್ಬರು ಅನಾಥಾಲಯದಿಂದ ಗಂಡುಹುಡುಗನನ್ನು ಕೇಳುತ್ತಾರೆ; ತಪ್ಪಿ ಹುಡುಗಿಯೊಬ್ಬಳು ಬರುತ್ತಾಳೆ. ಭಾನುವಾರದ ಶಾಲೆಯ ಪತ್ರಿಕೆಗೆ ಏಳು ಅಧ್ಯಾಯದ ಕಿರುಧಾರಾವಾಹಿ ಬರೆಯುವುದು ಅವರ ಉದ್ದೇಶವಾಗಿತ್ತು. ಆದರೆ ಆ ಕೆಂಗೂದಲ ಹುಡುಗಿ ಏಳು ಅಧ್ಯಾಯದಲ್ಲಿ ಅಡಗಲಿಲ್ಲ. ಅಡುಗೆ, ಅಂಚೆ, ಅಜ್ಜಿಯ ಆರೈಕೆ, ಹೊಟ್ಟೆಪಾಡಿನ ಬರವಣಿಗೆ ಎಲ್ಲ ಮುಗಿದ ಮೇಲೆ ಸಂಜೆಯ ಹೊತ್ತಿನಲ್ಲಿ ಪುಸ್ತಕ ಬೆಳೆಯಿತು. ಕೈಬರಹವನ್ನು ಅವರು ಬೆರಳಚ್ಚು ಮಾಡಿದ್ದು ಒಂದು ಹಳೆಯ ಯಂತ್ರದಲ್ಲಿ. ಅದರಲ್ಲಿ ದೊಡ್ಡಕ್ಷರಗಳು ಸರಿಯಾಗಿ ಮೂಡುತ್ತಿರಲಿಲ್ಲ, ಇಂಗ್ಲಿಷಿನ 'ಡಬ್ಲ್ಯೂ' ಅಕ್ಷರವಂತೂ ಬೀಳುತ್ತಲೇ ಇರಲಿಲ್ಲ. 

ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಹಸ್ತಪ್ರತಿಯನ್ನು ಹಿಂದಿರುಗಿಸಿದರು. ಅದನ್ನು ಹಳೆಯ ಟೋಪಿ ಡಬ್ಬಿಯಲ್ಲಿ ಹಾಕಿ ಮೂಲೆಗಿಟ್ಟರು. ಮುಂದೊಂದು ದಿನ ಏನನ್ನೋ ಹುಡುಕುವಾಗ ಅದು ಮತ್ತೆ ಕೈಗೆ ಸಿಕ್ಕಿತು. ಓದಿ ನೋಡಿ, ಮತ್ತೊಮ್ಮೆ ಕಳುಹಿಸಿದರು. 1907ರಲ್ಲಿ ಬಾಸ್ಟನ್ನಿನ ಪೇಜ್ ಸಂಸ್ಥೆ ಒಪ್ಪಿಕೊಂಡಿತು. 1908ರ ಜೂನಿನಲ್ಲಿ ಪುಸ್ತಕ ಹೊರಬಂದಿತು. ಐದು ತಿಂಗಳಲ್ಲಿ 19,000 ಪ್ರತಿಗಳು ಮಾರಾಟವಾದವು. ಲೇಖಕಿಗೆ ದೊರೆತದ್ದು ಪ್ರತಿಯೊಂದಕ್ಕೆ 9 ಸೆಂಟ್. ಮುಂದಿನ ಪುಸ್ತಕಗಳನ್ನೂ ಅದೇ ಷರತ್ತಿಗೆ ಕೊಡಬೇಕೆಂಬ ಕರಾರಿಗೆ ಅವರು ಸಹಿ ಹಾಕಿದ್ದರು. ಜಗತ್ತಿಗೆಲ್ಲ ಹೆಸರಾದ ಮೇಲೂ ಅವರು ಕ್ಯಾವೆಂಡಿಷಿನ ಅಡುಗೆಮನೆ ಬಿಡಲಿಲ್ಲ. ಪಾದ್ರಿ ಇವಾನ್ ಮ್ಯಾಕ್‌ಡೊನಾಲ್ಡರೊಡನೆ 1906ರಲ್ಲೇ ವಿವಾಹ ನಿಶ್ಚಯವಾಗಿದ್ದರೂ, ಅಜ್ಜಿ ಇರುವವರೆಗೆ ಮದುವೆಯಿಲ್ಲ ಎಂದು ಕಾದರು. 1911ರ ಮಾರ್ಚಿನಲ್ಲಿ ಅಜ್ಜಿ ತೀರಿಕೊಂಡರು. ಜುಲೈ 5ರಂದು ಮದುವೆ ನಡೆಯಿತು. ವಧುವಿಗೆ ಆಗ 36 ವರ್ಷ.

ಇಲ್ಲಿಂದ ಕಥೆ ನಮ್ಮ ಊರಿಗೆ ಬರುತ್ತದೆ. ಮ್ಯಾಕ್‌ಡೊನಾಲ್ಡರಿಗೆ ಲೀಸ್ಕ್‌ಡೇಲ್ ಮತ್ತು ಜೆಫಿರ್ ಎಂಬ ಎರಡು ಹಳ್ಳಿಗಳ ಪ್ರೆಸ್ಬಿಟೇರಿಯನ್ ಚರ್ಚುಗಳ ಹೊಣೆಯಿತ್ತು. ಲೀಸ್ಕ್‌ಡೇಲಿನಲ್ಲಿ ಪಾದ್ರಿಯ ಕುಟುಂಬಕ್ಕೆಂದು ಕಟ್ಟಿದ ಇಟ್ಟಿಗೆಯ ಮನೆ. ಮನೆಯೊಳಗೆ ಶೌಚಾಲಯವೂ ಇರಲಿಲ್ಲ. ಈ ಮನೆಯಲ್ಲಿ 1911ರಿಂದ 1926ರವರೆಗೆ ಮಾಂಟ್‌ಗೊಮರಿ ಸಂಸಾರ ಮಾಡಿದರು. 11 ಪುಸ್ತಕಗಳನ್ನು ಬರೆದರು.

ಪಾದ್ರಿಯ ಹೆಂಡತಿಗೆ ಸಂಬಳವಿಲ್ಲ, ಕೆಲಸ ಮಾತ್ರ ಬೆಟ್ಟದಷ್ಟು. ಭಾನುವಾರ ಚರ್ಚು, ಮಕ್ಕಳಿಗೆ ಧರ್ಮಪಾಠ, ವಾರದ ದಿನಗಳಲ್ಲಿ ಹೆಂಗಸರ ಮಿಷನ್ ಸಭೆ, ಯುವಕರ ಸಂಘ, ನಾಟಕದ ತಾಲೀಮು, ಎರಡೂ ಹಳ್ಳಿಗಳ ಮನೆಮನೆಗೆ ಭೇಟಿ. ಹೋದಲ್ಲಿ ಕೊಟ್ಟದ್ದನ್ನು ತಿನ್ನಬೇಕು, ಹೇಳಿದ್ದನ್ನು ಕೇಳಬೇಕು, ಯಾರ ಮನೆಗೆ ಒಂದು ಸಲ ಹೆಚ್ಚು ಹೋದರು ಎಂಬ ಲೆಕ್ಕವನ್ನು ಊರು ಇಡುತ್ತಿರುತ್ತದೆ. ನಮ್ಮ ಸಂಘಗಳಲ್ಲಿ ಪದಾಧಿಕಾರಿಗಳಾಗಿ ದುಡಿದವರಿಗೂ, ಅವರ ಮನೆಯವರಿಗೂ ಇದು ಚೆನ್ನಾಗಿ ಅರ್ಥವಾದೀತು. ಮನೆಗೆಲಸಕ್ಕೆ ಒಬ್ಬಳು ಸಹಾಯಕಿ ಇದ್ದರೂ ಅಡುಗೆ, ಹೊಲಿಗೆ, ತೋಟ, ಅತಿಥಿಗಳ ಉಪಚಾರ ಯಾವುದೂ ತಪ್ಪಿದ್ದಲ್ಲ.

ಇಷ್ಟರ ನಡುವೆ ಬೆಳಗಿನ ಸುಮಾರು ಎರಡು ಗಂಟೆಗಳನ್ನು ಅವರು ಬರವಣಿಗೆಗೆಂದು ಮೀಸಲಿಟ್ಟಿದ್ದರು. ಅಷ್ಟು ಕಡಿಮೆ ಹೊತ್ತಿನಲ್ಲಿ ಅಷ್ಟೊಂದು ಬರೆದದ್ದು ಹೇಗೆ? ಇದರಲ್ಲಿ ಮಾಯಮಂತ್ರವೇನೂ ಇಲ್ಲ. ಕೈ ಹಿಟ್ಟು ನಾದುತ್ತಿರುವಾಗ, ಬಟ್ಟೆ ಹೊಲಿಯುತ್ತಿರುವಾಗ ಮನಸ್ಸು ಅಧ್ಯಾಯವನ್ನು ಕಟ್ಟುತ್ತಿತ್ತು. ಯಾರು ಏನು ಮಾತನಾಡುತ್ತಾರೆ, ಮುಂದೇನಾಗುತ್ತದೆ ಎಂಬುದೆಲ್ಲ ಮೊದಲೇ ತೀರ್ಮಾನವಾಗಿರುತ್ತಿದ್ದುದರಿಂದ, ಮೇಜಿನ ಮುಂದೆ ಕುಳಿತಾಗ ಬರೆಯುವುದಷ್ಟೇ ಉಳಿಯುತ್ತಿತ್ತು. ಬಿಡುವು ತಾನಾಗಿ ಸಿಗಲಿ ಎಂದು ಅವರು ಕಾಯಲಿಲ್ಲ. ಹೊತ್ತು ಗೊತ್ತುಮಾಡಿಕೊಂಡು, ಅದಕ್ಕೆ ಮೊದಲೇ ಸಿದ್ಧರಾಗಿರುತ್ತಿದ್ದರು.

ಆದರೆ ಇಷ್ಟನ್ನೇ ಹೇಳಿ ಮುಗಿಸಿದರೆ ನಾವು ಈ ಹೆಣ್ಣುಮಗಳಿಗೆ ಅನ್ಯಾಯ ಮಾಡಿದಂತೆ. ಆ ಮನೆಯ ಗೋಡೆಗಳೊಳಗೆ ಇನ್ನೊಂದು ಕಥೆಯಿತ್ತು. 1912ರಲ್ಲಿ ಚೆಸ್ಟರ್, 1915ರಲ್ಲಿ ಸ್ಟುವರ್ಟ್ ಹುಟ್ಟಿದರು. ಇವರಿಬ್ಬರ ನಡುವಿನ ಮಗು ಹ್ಯೂ 1914ರ ಆಗಸ್ಟಿನಲ್ಲಿ, ಮೊದಲ ಮಹಾಯುದ್ಧ ಆರಂಭವಾದ ದಿನಗಳಲ್ಲೇ, ಸತ್ತು ಹುಟ್ಟಿತು. 1919ರ ಜನವರಿಯಲ್ಲಿ ಒಡಹುಟ್ಟಿದವಳಿಗಿಂತ ಹೆಚ್ಚಾಗಿದ್ದ ಬಂಧು ಫ್ರೀಡ್ ಕ್ಯಾಂಪ್‌ಬೆಲ್ ಆ ಕಾಲದ ಮಹಾಮಾರಿ ಫ್ಲೂ ಜ್ವರಕ್ಕೆ ಬಲಿಯಾದರು. ಅದೇ ವರ್ಷದ ಮೇ ತಿಂಗಳಲ್ಲಿ ಗಂಡನಿಗೆ ತೀವ್ರ ಖಿನ್ನತೆ ಆವರಿಸಿತು. ದೇವರು ತನ್ನನ್ನು ಶಾಶ್ವತವಾಗಿ ಕೈಬಿಟ್ಟಿದ್ದಾನೆ, ತನಗೆ ನರಕವೇ ಗತಿ ಎಂಬ ಭ್ರಮೆ. ಪೀಠದ ಮೇಲೆ ನಿಂತು ಊರಿಗೆ ಧೈರ್ಯ ಹೇಳಬೇಕಾದ ಮನುಷ್ಯನಿಗೆ ಇಂಥ ಕಾಯಿಲೆ.

ಮಾನಸಿಕ ಕಾಯಿಲೆಯೆಂದರೆ ಅವಮಾನವೆಂದು ಭಾವಿಸುತ್ತಿದ್ದ ಕಾಲ ಅದು. ವಿಷಯ ತಿಳಿದರೆ ಗಂಡನ ಕೆಲಸ ಹೋಗುತ್ತದೆ, ಮಕ್ಕಳಿಗೆ ಕಳಂಕ ಅಂಟುತ್ತದೆ. ಆದ್ದರಿಂದ ಮಾಂಟ್‌ಗೊಮರಿ ಮುಚ್ಚಿಟ್ಟರು. ಗಂಡನಿಗೆ ತಲೆನೋವು, ನಿದ್ದೆಯಿಲ್ಲ ಎಂದು ಬಂದವರಿಗೆ ಸಮಾಧಾನ ಹೇಳಿದರು. ಬಾಸ್ಟನ್ನಿಗೆ ಕರೆದೊಯ್ದು ವೈದ್ಯರಿಗೆ ತೋರಿಸಿದರು. ಹೊರಗೆ ನಗುಮುಖ, ಒಳಗೆ ಕಾವಲು. ಇದೇ ಹೊತ್ತಿನಲ್ಲಿ ಪ್ರಕಾಶಕರೊಡನೆ ವ್ಯಾಜ್ಯ. 1919ರಲ್ಲಿ ಸುಮಾರು 18,000 ಡಾಲರಿಗೆ ಹಳೆಯ ಪುಸ್ತಕಗಳ ಹಕ್ಕನ್ನು ಬಿಟ್ಟುಕೊಟ್ಟರು. ಅದೇ ವರ್ಷ ಬಂದ 'ಆನ್' ಮೂಕಿ ಚಿತ್ರದಿಂದ ಲೇಖಕಿಗೆ ಬಿಡಿಗಾಸೂ ಸಿಗಲಿಲ್ಲ. ಮರುವರ್ಷ ಅವರ ಒಪ್ಪಿಗೆಯಿಲ್ಲದೆ ಕಥೆಗಳ ಸಂಕಲನವೊಂದು ಹೊರಬಂದಾಗ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಹೋರಾಡಿ ಗೆದ್ದರು. ಈ ಕಷ್ಟದ ದಿನಗಳಲ್ಲೇ ಬರೆದದ್ದು 'ರಿಲ್ಲಾ ಆಫ್ ಇಂಗಲ್‌ಸೈಡ್'. ಮಹಾಯುದ್ಧದ ಕಾಲದಲ್ಲಿ ಮನೆಯಲ್ಲುಳಿದ ಹೆಂಗಸರ ಬವಣೆಯನ್ನು ಹೇಳುವ ಈ ಕಾದಂಬರಿ 1921ರಲ್ಲಿ ಪ್ರಕಟವಾಯಿತು. ಅದು ಅರ್ಪಿತವಾದದ್ದು ಅಗಲಿದ ಫ್ರೀಡ್‌ಗೆ.

ಇಲ್ಲಿ ನಮಗೆ ನಮ್ಮ ತ್ರಿವೇಣಿಯವರ ನೆನಪಾಗುವುದು ಸಹಜ. 1928ರಲ್ಲಿ ಹುಟ್ಟಿ 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ, ಹೆರಿಗೆಯ ಬಳಿಕ ಅಗಲಿದ ಅವರೂ ಮೈಸೂರಿನಲ್ಲಿ ಸಂಸಾರ, ಅನಾರೋಗ್ಯಗಳ ನಡುವೆ ಸುಮಾರು ಹತ್ತು ವರ್ಷಗಳಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನು ಬರೆದರು. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಮಾನಸಿಕ ಕಾಯಿಲೆಯನ್ನು ಕಥೆಯೊಳಕ್ಕೇ ತಂದು ನಿಲ್ಲಿಸಿದರು. ಕಾಯಿಲೆ ವಾಸಿಯಾಗಿ ಆಸ್ಪತ್ರೆಯಿಂದ ಮರಳಿದ ಕಾವೇರಿಯನ್ನು ಮನೆಯೂ ಸಮಾಜವೂ ಒಪ್ಪಿಕೊಳ್ಳದ 'ಶರಪಂಜರ'ದ ಕಥೆಯನ್ನು 1971ರ ಪುಟ್ಟಣ್ಣನವರ ಚಿತ್ರದಲ್ಲಿ ಕಂಡು ಕಣ್ಣೀರು ಹಾಕದ ಕನ್ನಡಿಗರು ಕಡಿಮೆ. ಮಾಂಟ್‌ಗೊಮರಿಯವರಾದರೋ ತಮ್ಮ ಮನೆಯ ದುಃಖವನ್ನು ಕಾದಂಬರಿಗಳಲ್ಲಿ ಹೇಳಲಿಲ್ಲ. ಅದನ್ನೆಲ್ಲ ಬೇರೊಂದು ಕಡೆ ಬರೆದಿಟ್ಟರು. ಹತ್ತು ದಪ್ಪ ಸಂಪುಟಗಳ ದಿನಚರಿ! ಊರಿಗೆ ತೋರದ ಮುಖ ಅಲ್ಲಿದೆ. ಅದನ್ನು ಮಗ ಸ್ಟುವರ್ಟ್‌ಗೆ ಒಪ್ಪಿಸಿ, ಕಾಲ ಸಂದ ಮೇಲೆ ಪ್ರಕಟಿಸಬೇಕೆಂದು ತಿಳಿಸಿದ್ದರು. ಈಗ ಅದು ನಮ್ಮ ಪಕ್ಕದ ಗ್ವೆಲ್ಫ್ ವಿಶ್ವವಿದ್ಯಾಲಯದಲ್ಲಿದೆ. ಮೇರಿ ರೂಬಿಯೊ ಮತ್ತು ಎಲಿಜಬೆತ್ ವಾಟರ್‌ಸ್ಟನ್ ಅವರ ಸಂಪಾದಕತ್ವದಲ್ಲಿ 1985ರಿಂದ ಅಚ್ಚಾಗತೊಡಗಿತು. ಮಕ್ಕಳ ಲೇಖಕಿಯೆಂದು ಬಗೆದಿದ್ದ ಓದುಗರು ಆಗ ಬೆರಗಾದರು.

1926ರಲ್ಲಿ ಕುಟುಂಬ ನಾರ್ವಲಿಗೆ ಬಂದಿತು. ನಮ್ಮ ಮಿಸ್ಸಿಸಾಗಾ ಮೂಲಕ ಹರಿದು ಸರೋವರ ಸೇರುವ ಕ್ರೆಡಿಟ್ ನದಿಯೇ ಆ ಹಳ್ಳಿಯಲ್ಲೂ ಹರಿಯುತ್ತದೆ. ಊರಿನ ಚೆಲುವು ಮನಸ್ಸಿಗೆ ಹಿಡಿಸಿತು. ಅದೇ ವರ್ಷ ಪ್ರಕಟವಾದ 'ದಿ ಬ್ಲೂ ಕ್ಯಾಸಲ್' ದೊಡ್ಡವರಿಗೆಂದು ಬರೆದ ಕಾದಂಬರಿ. ಮಸ್ಕೋಕಾದ ಸರೋವರಗಳ ನಡುವೆ ನಡೆಯುವ ಅದರ ಕಥೆಯಲ್ಲಿ, 29 ವರ್ಷದ ಅವಿವಾಹಿತೆಯೊಬ್ಬಳು ಬಂಧುಗಳ ಅಂಕುಶಕ್ಕೆ ಅಂಜುವುದನ್ನು ಒಂದು ದಿನ ನಿಲ್ಲಿಸಿಬಿಡುತ್ತಾಳೆ. 1934ರಲ್ಲಿ ಗಂಡ ಗ್ವೆಲ್ಫಿನ ಮಾನಸಿಕ ಚಿಕಿತ್ಸಾಲಯದಲ್ಲಿರಬೇಕಾಯಿತು. 1935ರಲ್ಲಿ ಅವರು ನಿವೃತ್ತರಾದಾಗ ಮಾಂಟ್‌ಗೊಮರಿ ಟೊರಾಂಟೊದಲ್ಲಿ ಮನೆ ಕೊಂಡರು. ಅದುವರೆಗೆ ಬಾಳಿದ್ದೆಲ್ಲ ಬೇರೆಯವರ ಮನೆಯಲ್ಲಿ. ಅರುವತ್ತರ ವಯಸ್ಸಿನಲ್ಲಿ ಸಿಕ್ಕ ಸ್ವಂತ ಮನೆಗೆ 'ಜರ್ನೀಸ್ ಎಂಡ್' ಎಂದು, ಅಂದರೆ ಪಯಣದ ಕೊನೆಯೆಂದು, ಹೆಸರಿಟ್ಟರು. ಅದೇ ವರ್ಷ ಬ್ರಿಟಿಷ್ ದೊರೆತನದ ಓಬಿಇ ಗೌರವವೂ ಸಂದಿತು.

ಆದರೆ ನೆಮ್ಮದಿ ಬರಲಿಲ್ಲ. ಗಂಡನ ಕಾಯಿಲೆ, ಹಿರಿಯ ಮಗನ ಚಿಂತೆ, ಮತ್ತೊಂದು ಮಹಾಯುದ್ಧ, ತಮ್ಮದೇ ಕುಸಿಯುತ್ತಿದ್ದ ಮನಸ್ಸು. 1942ರ ಏಪ್ರಿಲ್ 24ರಂದು, 67ನೆಯ ವಯಸ್ಸಿನಲ್ಲಿ, ಆ ಮನೆಯಲ್ಲೇ ತೀರಿಕೊಂಡರು. ಕೊನೆಯ ಹಸ್ತಪ್ರತಿ ಪ್ರಕಾಶಕರ ಕೈಸೇರಿದ್ದೂ ಅದೇ ದಿನ. ಅದು ಪೂರ್ಣವಾಗಿ ಬೆಳಕು ಕಂಡದ್ದು 2009ರಲ್ಲಿ. ಅವರದು ಆತ್ಮಹತ್ಯೆಯೆಂದೇ ತಮ್ಮ ಕುಟುಂಬ ನಂಬಿತ್ತೆಂದು ಮೊಮ್ಮಗಳು ಕೇಟ್ ಮ್ಯಾಕ್‌ಡೊನಾಲ್ಡ್ ಬಟ್ಲರ್ 2008ರಲ್ಲಿ ಬಹಿರಂಗವಾಗಿ ಬರೆದರು. ಔಷಧಿ ಅರಿಯದೆ ಹೆಚ್ಚಾಗಿದ್ದಿರಬಹುದು ಎಂಬುದು ಜೀವನಚರಿತ್ರೆ ಬರೆದ ರೂಬಿಯೊ ಅವರ ವಿಚಾರ. ಯಾವುದೇ ಇರಲಿ, 66 ವರ್ಷ ಮುಚ್ಚಿಟ್ಟ ಮಾತನ್ನು ಮೊಮ್ಮಗಳು ಹೇಳಿದ್ದರ ಉದ್ದೇಶ ಸ್ಪಷ್ಟ: ಮನಸ್ಸಿನ ಕಾಯಿಲೆಯನ್ನು ಇನ್ನಾದರೂ ಮುಚ್ಚಿಡುವುದು ಬೇಡ.

ಈ ಬದುಕಿನಿಂದ ನಾವು ಕಲಿಯಬೇಕಾದದ್ದು ಎರಡು. ಮೊದಲನೆಯದು, ಮನೆವಾರ್ತೆ ಬರವಣಿಗೆಗೆ ಅಡ್ಡಿಯಲ್ಲ. ದಿನಕ್ಕೊಂದು ಗಂಟೆಯನ್ನು ಹಠ ಹಿಡಿದು ಉಳಿಸಿಕೊಂಡರೆ ಓದಿನ ನಡುವೆಯೂ, ನೌಕರಿಯ ನಡುವೆಯೂ ಕಾದಂಬರಿ ಬೆಳೆಯುತ್ತದೆ. ಮಕ್ಕಳು ಬರೆಯುತ್ತೇವೆಂದರೆ ಆ ಒಂದು ಗಂಟೆಯನ್ನು ನಾವು ಕಸಿದುಕೊಳ್ಳದಿದ್ದರೆ ಸಾಕು. ಅವರು ಬರೆಯುವುದು ಇಂಗ್ಲಿಷಿನಲ್ಲಾದರೂ ಸರಿಯೇ. ಅದರಲ್ಲಿ ಅಜ್ಜಿಯ ಮನೆ, ನಮ್ಮ ಅಡುಗೆಮನೆ ಬರದೆ ಇರುವುದಿಲ್ಲ. ನಲವತ್ತು ದಾಟಿದ ನಮ್ಮ ತಾಯಂದಿರಿಗೂ ಹೊತ್ತು ಮೀರಿಲ್ಲ, ಎಂ. ಕೆ. ಇಂದಿರಾ ಅವರ ಮೊದಲ ಕಾದಂಬರಿ ಹೊರಬಂದದ್ದು ಅವರಿಗೆ ನಲವತ್ತೈದು ದಾಟಿದ ಮೇಲೆ.

ಎರಡನೆಯದು ಇನ್ನೂ ಮುಖ್ಯ. ಎಲ್ಲವನ್ನೂ ನಿಭಾಯಿಸುವ ಹೆಂಗಸನ್ನು ಹೊಗಳುವುದು ಸುಲಭ. ಆಕೆ ಹೇಗಿದ್ದಾಳೆಂದು ಕೇಳುವವರು ಬೇಕು. ಬಂಧುಬಳಗ ಸಾವಿರಾರು ಮೈಲಿ ದೂರವಿರುವ ಈ ನಾಡಿನಲ್ಲಿ, ನಾಲ್ಕು ಜನ ಏನಂದಾರು ಎಂಬ ಅಂಜಿಕೆ ನಮ್ಮ ಮನೆಗಳಲ್ಲೂ ಹಲವು ಬಾಗಿಲುಗಳನ್ನು ಮುಚ್ಚಿಸಿದೆ. ಸಂಘವೆಂಬುದು ಯುಗಾದಿ, ರಾಜ್ಯೋತ್ಸವಗಳ ಊಟಕ್ಕೆ ಮಾತ್ರ ಇರುವುದಲ್ಲ. ಅಂಜದೆ ಬಾಗಿಲು ತಟ್ಟಬಹುದಾದ ನಾಲ್ಕು ಮನೆಗಳನ್ನು ಕೊಡುವುದೂ ಅದರ ಕೆಲಸವೇ.

ಲೀಸ್ಕ್‌ಡೇಲಿನ ಆ ಮನೆ ಈಗ ರಾಷ್ಟ್ರೀಯ ಐತಿಹಾಸಿಕ ಸ್ಥಳ. ಟೊರಾಂಟೊದಿಂದ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಮುಂದಿನ ಬೇಸಿಗೆಯ ಒಂದು ಶನಿವಾರ, ಬಟ್ಟೆ ಒಗೆಯುವುದನ್ನು ಭಾನುವಾರಕ್ಕೆ ಮುಂದೂಡಿ, ಬುತ್ತಿ ಕಟ್ಟಿಕೊಂಡು ಮಕ್ಕಳೊಡನೆ ಹೋಗಿ ಬನ್ನಿ. ಬರೆಯುವ ಮಗಳಿದ್ದರೆ ಅವಳನ್ನು ತಪ್ಪದೆ ಕರೆದೊಯ್ಯಿರಿ.